99ರಲ್ಲಿ ಒಂದು ನಮ್ಮ ಶೆಡ್ಡಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡಿದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ. ಹಾಗಾಗಿ ಮೂರು ಹಳೇ ಸ್ಪೋರ್ಟಿ ಕಾರುಗಳ ಈ ಹೋಲಿಕೆಯಲ್ಲಿ ತಕ್ಕಡಿ ಆ ಕಡೆಗೇ ವಾಲುತ್ತದೆ. ಮನೆ ಮುಂದೆ ನಿಂತ ಕಾರನ್ನು ಯಾರಾದರೂ ಬೈತಾರಾ?

ನನಗಿದ್ದದ್ದು ಎರಡು ಆಸೆ. ಭಾನುವಾರ ಬೆಳಿಗ್ಗೆ ಚಾರ್ಮಾಡಿ ಘಾಟಿ ಇಳಿದು ಹತ್ತುವಾಗ ಮಜಾ ಬರಬೇಕು. ನಾಲ್ಕೈದು ವರ್ಷ ಬಿಟ್ಟು ಮಾರಿದರೆ ಹಾಕಿದ ದುಡ್ಡು ಹೆಚ್ಚುಕಡಿಮೆ ಕೈಗೆ ಬರಬೇಕು. ಹೊಸದರ ಕಡೆ ತಲೆ ಎತ್ತಿ ನೋಡುವ ಹಾಗೇ ಇಲ್ಲ. 2025ರಲ್ಲಿ ಗಾಲ್ಫ್ ಜಿಟಿಐ ಬಂದಾಗ 52.99 ಲಕ್ಷ ಇತ್ತು. ಅದೇ ವರ್ಷ ಬರೀ 100 ತಂದ ಹೊಸ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷ ಇತ್ತು. ಅದೂ ಶೋರೂಂ ಬೆಲೆ. ಅಷ್ಟು ದುಡ್ಡಿಗೆ ನಮ್ಮೂರಲ್ಲಿ ಸೈಟು ತಗೊಂಡು ಪಾಯವನ್ನೂ ಹಾಕಿಸಬಹುದು.

ಹಾಗಾಗಿ ಹಳೆಯದರಲ್ಲೇ ಹುಡುಕಿದೆ. ಕೊನೆಗೆ ಉಳಿದದ್ದು ಮೂರು: 2015ರ ಫಿಯೆಟ್ ಅಬಾರ್ತ್ ಪುಂಟೊ, 2016ರ ಕೊನೆಗೆ ಬಂದ ಪೋಲೋ ಜಿಟಿಐ, 2020ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. ಇವು ಸ್ಪೋರ್ಟ್ಸ್ ಕಾರೇ ಅಲ್ಲ, ಮನೆಮಂದಿ ಓಡಾಡುವ ಕಾರಿಗೆ ಮೀಸೆ ಬರೆದದ್ದು ಅನ್ನುವವರಿದ್ದಾರೆ. ಇರಲಿ ಬಿಡಿ.

ಅಬಾರ್ತ್ ನಮ್ಮ ಚಿಕ್ಕಪ್ಪನ ಮಗನದು. ಅವನು ಕೆಲಸದ ಮೇಲೆ ವಿದೇಶಕ್ಕೆ ಹೋಗಿದ್ದಾಗ ಮೂರು ತಿಂಗಳು ಕೀಲಿ ನನ್ನ ಹತ್ತಿರವೇ ಇತ್ತು. ಹೊಸದರಲ್ಲಿ 9.95 ಲಕ್ಷ, 145 ಕುದುರೆಶಕ್ತಿ, ಮೂತಿಯ ಮೇಲೆ ಚೇಳಿನ ಗುರುತು. ಇದನ್ನು ಉಳಿದೆರಡರ ಹಾಗೆ ಹೊರದೇಶದಿಂದ ಎಣಿಸಿ ತಂದದ್ದಲ್ಲ, ಪುಣೆ ಹತ್ತಿರದ ರಂಜನಗಾಂವ್‌ನಲ್ಲೇ ಕಟ್ಟಿದ್ದು. ಕೊಂಡವರು ಕಡಿಮೆ, ಅದಕ್ಕೇ ಈಗ ಅಪರೂಪ. ಇದರ ಸ್ಟೀರಿಂಗ್ ಹಳೇ ಕಾಲದ ಹೈಡ್ರಾಲಿಕ್. ಚಕ್ರದ ಕೆಳಗೆ ಕಾಫಿಬೀಜ ಸಿಕ್ಕರೂ ಅಂಗೈಗೆ ಗೊತ್ತಾಗುತ್ತದೆ. ಮೂರರಲ್ಲಿ ಯಾವುದರ ಸ್ಟೀರಿಂಗ್ ಚೆನ್ನ ಅಂದರೆ ಕಣ್ಣು ಮುಚ್ಚಿ ಅಬಾರ್ತ್ ಅಂತೀನಿ. ಆದರೆ ನನ್ನ ಎಡ ಮಂಡಿಗೆ ಈಗ ಕ್ಲಚ್ ಅಂದರೆ ಆಗಲ್ಲ. ವಾರಕ್ಕೆರಡು ಸಲ ಬೆಂಗಳೂರಿನ ಟ್ರಾಫಿಕ್ಕಿಗೆ ಹೋಗಿಬರಬೇಕು. ನೆಲಮಂಗಲ ದಾಟುವಷ್ಟರಲ್ಲಿ ಚೇಳು ಕಚ್ಚಿದ ಹಾಗೇ ಆಗುತ್ತಿತ್ತು.

ಆಕ್ಟೇವಿಯಾ ಆರ್‌ಎಸ್ ಅನ್ನು ಪರಿಚಯದವರೊಬ್ಬರು ಒಂದು ವಾರಾಂತ್ಯ ಕೊಟ್ಟಿದ್ದರು. 200 ಮಾತ್ರ ಬಂದ ಕಾರು. ಆಗಿನ ಬೆಲೆ 35.99 ಲಕ್ಷ, ಶಕ್ತಿ 245 ಪಿಎಸ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಕುದುರೆಶಕ್ತಿ. ಡಿಕ್ಕಿಯಲ್ಲಿ ಒಂದು ಮದುವೆಯ ಸಾಮಾನು ಹಿಡಿಯುತ್ತದೆ. ಕಾರಿನ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ತೊಂದರೆ ನನ್ನದೇ. ಘಾಟಿಯಲ್ಲಿ ಅದರ ಶಕ್ತಿಯ ಅರ್ಧವನ್ನೂ ಬಳಸೋಕೆ ಆಗಲಿಲ್ಲ. ಕಾಲು ಒತ್ತುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ, ಎದುರಿಗೆ ಬಸ್ಸು. ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದರೆ ಬಾಗಿಲು ಹಾಕೋಕಾಗಲ್ಲ. ಮಾರುವ ಇಬ್ಬರನ್ನು ವಿಚಾರಿಸಿದೆ. ಇಬ್ಬರೂ ಹೊಸದರ ಬೆಲೆಯ ಆಸುಪಾಸಿನಲ್ಲೇ ಕೇಳಿದರು. ಬೆಲೆ ನಿಲ್ಲುವ ಕಾರು ಅಂದರೆ ಇದೇ ಇರಬಹುದು. ನನ್ನ ಜೇಬು ನಿಲ್ಲಬೇಕಲ್ಲ.

ಇನ್ನು ನನ್ನ ಪೋಲೋ. ನಮ್ಮ ದೇಶಕ್ಕೆ ಅಂತ ತಂದದ್ದು 99. ನಾಲ್ಕು ಮೀಟರ್ ಒಳಗಿನ ಕಾರು, ಆದರೂ ಎಂಜಿನ್ 1.8 ಲೀಟರಿನದು. ಹಾಗಾಗಿ ಸಣ್ಣ ಕಾರಿಗೆ ಸಿಗುವ ತೆರಿಗೆ ರಿಯಾಯಿತಿ ಇದಕ್ಕಿಲ್ಲ. ಮೇಲೆ ಆಮದು ಸುಂಕ. ಬಂದಾಗ 25.65 ಲಕ್ಷ ಅಂದರು. ಪೋಲೋಗೆ 25 ಲಕ್ಷವಾ ಅಂತ ಜನ ನಕ್ಕರು. 2017ರಲ್ಲಿ ಬೆಲೆ 19.99 ಲಕ್ಷಕ್ಕೆ ಇಳಿಯಿತು. ಮೊದಲು ಕೊಂಡವರಿಗೆ ಒಂದೇ ಏಟಿಗೆ ಐದೂವರೆ ಲಕ್ಷಕ್ಕೂ ಜಾಸ್ತಿ ಹೋಯಿತು. ಕಡಿಮೆ ಸಂಖ್ಯೆಯಲ್ಲಿ ಬಂದದ್ದೆಲ್ಲ ಬೆಲೆ ಉಳಿಸಿಕೊಳ್ಳುತ್ತದೆ ಅಂದುಕೊಂಡವರು ಇದನ್ನು ನೋಡಬೇಕು. ನಾನು ಕೊಂಡಿದ್ದು ಆ ಏಟೆಲ್ಲ ಬೇರೆಯವರು ತಿಂದ ಮೇಲೆ.

ಈ ಎರಡು ಬೆಲೆಯೇ ಆಮೇಲೆ ನನ್ನ ಕುತ್ತಿಗೆಗೆ ಬಂತು.

ಕಾರು ಸಿಕ್ಕಿದ್ದು ಪಕ್ಕದ ರಾಜ್ಯದಲ್ಲಿ. ಒಬ್ಬರೇ ಓಡಿಸಿದ್ದು, ಏನನ್ನೂ ಬದಲಾಯಿಸಿರಲಿಲ್ಲ, ಎರಡೂ ಕೀಲಿ ಇದ್ದವು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಹಿಡಿದುಕೊಂಡು ಮನೆಗೆ ತಂದೆ. ಹೊರ ರಾಜ್ಯದ ಗಾಡಿ ಇಲ್ಲೇ ಇರುವುದಾದರೆ 12 ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. ಫಾರಂ 27, 29, 30 ಎಲ್ಲ ತುಂಬಿಕೊಂಡು ಆರ್‌ಟಿಒ ಕಚೇರಿಗೆ ಹೋದೆ. ಬ್ರೇಕ್ ಇನ್‌ಸ್ಪೆಕ್ಟರ್ ಕಾರನ್ನು ಒಂದು ಸುತ್ತು ಹಾಕಿ ನೋಡಿದರು. ಏಜೆಂಟರ ಹುಡುಗ ಕಿವಿಯ ಮೇಲಿಟ್ಟಿದ್ದ ಪೆನ್ಸಿಲ್ ತೆಗೆದು ಬಾನೆಟ್ಟಿನೊಳಗೆ ತಲೆ ತೂರಿಸಿದ. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಅದರ ಮೇಲೆ ಸೆಲೋಟೇಪ್ ಅಂಟಿಸಿ, ಉಗುರಿನಿಂದ ತಿಕ್ಕಿ ಮೆಲ್ಲಗೆ ಎಳೆದ. ಅಕ್ಷರ, ಅಂಕಿ ಎಲ್ಲ ಒಂದೊಂದಾಗಿ ಟೇಪಿನ ಮೇಲೆ ಎದ್ದು ಬಂದವು. ಅದನ್ನು ಫಾರಮ್ಮಿಗೆ ಅಂಟಿಸಿದ. ಇಷ್ಟೇನಾ ಅಂದುಕೊಂಡೆ.

ಗುಮಾಸ್ತರು ಫೈಲು ತಿರುವಿ, ‘ಇನ್‌ವಾಯ್ಸ್ ಎಲ್ಲಿ ಸಾರ್?’ ಅಂದರು.

ಇರಲಿಲ್ಲ. ಶೋರೂಮಿನವರು ಕೊಟ್ಟ ಆ ಮೂಲ ಬಿಲ್ಲನ್ನು ಹಳೇ ಮಾಲೀಕರು ಮನೆ ಬದಲಾಯಿಸುವಾಗ ಕಳೆದುಕೊಂಡಿದ್ದರು. ತೆರಿಗೆ ಲೆಕ್ಕ ಹಾಕೋದು ಕಾರಿನ ಮೂಲ ಬೆಲೆಯ ಮೇಲೆ. 10ರಿಂದ 20 ಲಕ್ಷದವರೆಗೆ ಶೇ 17, ಅದು ದಾಟಿದರೆ ಶೇ 18. ಆಮೇಲೆ ಕಾರಿನ ವಯಸ್ಸು ನೋಡಿ ಕಡಿತ. 25.65 ಲಕ್ಷ ಅಂತ ಹಿಡಿದರೆ ಕಡಿತಕ್ಕೆ ಮುಂಚೆ 4.61 ಲಕ್ಷ ಚಿಲ್ಲರೆ. 19.99 ಅಂತ ಹಿಡಿದರೆ 3.40 ಲಕ್ಷದೊಳಗೆ. ಮಾಲೀಕರು ಕೊಂಡಿದ್ದು ಬೆಲೆ ಇಳಿದ ಮೇಲೆ. ಆದರೆ ಬಾಯಿಮಾತು ಯಾರು ಕೇಳುತ್ತಾರೆ?

‘ಪೋಲೋಗೆ ಇಷ್ಟೊಂದು ದುಡ್ಡಾ?’

‘ಇದು ಬೇರೆ ಪೋಲೋ ಸಾರ್.’

‘ಬೇರೆ ಅಂದ್ರೆ? ಎರಡು ಬಾಗಿಲು ಕಡಿಮೆ ಇದೆಯಲ್ರೀ!’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಕಾರು ಮಾರಿದ ಶೋರೂಮೇ ಮುಚ್ಚಿಹೋಗಿತ್ತು. ನಾಲ್ಕು ತಿಂಗಳು ಓಡಾಡಿದೆ. ಹೊರಗಿನ ನಂಬರ್ ನೋಡಿ ಪೊಲೀಸರು ಕೈ ಅಡ್ಡ ಹಾಕಿದಾಗೆಲ್ಲ ಎನ್‌ಒಸಿ ತೋರಿಸಿ ತೋರಿಸಿ ಅದರ ಮಡಿಕೆ ಹರಿಯುವ ಹಾಗಾಯಿತು. ಕೊನೆಗೆ ಹಳೇ ಮಾಲೀಕರಿಗೇ ಹೊಳೆಯಿತು: ಸಾಲ ತಗೊಳ್ಳುವಾಗ ಬ್ಯಾಂಕಿಗೆ ಇನ್‌ವಾಯ್ಸ್ ಪ್ರತಿ ಕೊಟ್ಟಿದ್ದರು. ಬ್ಯಾಂಕಿನ ಫೈಲಿನಿಂದ ಮೊಹರು ಹಾಕಿಸಿ ತರಿಸಿದ ಆ ಒಂದು ಹಾಳೆಯಿಂದ ಕೆಲಸ ಆಯಿತು. ಇಂಥ ಕಾರು ನೋಡಲು ಹೋದರೆ ಬಾನೆಟ್ ಆಮೇಲೆ ಎತ್ತಿ, ಮೊದಲು ಇನ್‌ವಾಯ್ಸ್ ಕೇಳಿ.

ಇನ್ಶೂರೆನ್ಸ್ ಇನ್ನೊಂದು ತಮಾಷೆ. ಕಾರು ಎಷ್ಟೇ ಅಪರೂಪದ್ದಾಗಲಿ, ಅವರ ಪಟ್ಟಿಯಲ್ಲಿ ಬೆಲೆ ವರ್ಷ ವರ್ಷ ಇಳಿಯುತ್ತಲೇ ಇರುತ್ತದೆ. ಐದು ವರ್ಷ ದಾಟಿದ ಮೇಲೆ ಮಾತಾಡಿ ಒಪ್ಪಿಸಿಕೊಳ್ಳಬೇಕು. ನಾನು ಒಪ್ಪಿಸಿದೆ, ಕಂತು ಸ್ವಲ್ಪ ಜಾಸ್ತಿಯಾಯಿತು.

ಬಿಡಿಭಾಗದ ಚಿಂತೆ ಇದ್ದೇ ಇದೆ. ಊರು ತುಂಬ ಪೋಲೋ ಇದ್ದರೂ ಅವುಗಳ ಬಾಗಿಲು ಇದಕ್ಕೆ ಕೂರಲ್ಲ, ಇದರದು ಉದ್ದ. ಸಂತೆ ಬೀದಿಯಲ್ಲಿ ಕಾರು ನಿಲ್ಲಿಸುವುದನ್ನು ಬಿಟ್ಟಿದ್ದೇನೆ.

ಓಡಿಸುವಾಗ ಇದೆಲ್ಲ ಮರೆತುಹೋಗುತ್ತದೆ. 192 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್, ಕ್ಲಚ್ ಒತ್ತುವ ಗೊಡವೆಯಿಲ್ಲ, ಮಂಡಿಗೆ ಆರಾಮ. ಬೆಳಿಗ್ಗೆ ಆರೂವರೆಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಉಜಿರೆ ಕಡೆ ಇಳಿದರೆ ಕಾರು ಕಾಲಿಗೆ ಚಪ್ಪಲಿ ಹಾಕಿಕೊಂಡಷ್ಟು ಸಲೀಸು. ಕಿರಿದಾದ ರಸ್ತೆಯಲ್ಲೂ ಪಕ್ಕದಲ್ಲಿ ಜಾಗ ಉಳಿಯುತ್ತದೆ. ಅಮ್ಮ ಹಿಂದೆ ಕೂತದ್ದು ಒಂದೇ ಸಲ. ಮುಂದಿನ ಸೀಟು ಮಡಿಸಿ, ತಲೆ ತಗ್ಗಿಸಿ ಒಳಗೆ ಹೋದವರು ಸೀಟಿನ ಚೌಕುಳಿ ಬಟ್ಟೆ ನೋಡಿ, ‘ಇಷ್ಟು ದುಡ್ಡು ಕೊಟ್ಟು ಲುಂಗಿ ಬಟ್ಟೆ ಹೊದಿಸಿದ್ದಾರಲ್ಲೋ’ ಅಂದರು. ಈಗ ಅವರದು ಮುಂದಿನ ಸೀಟು, ಹೆಂಡತಿಯದು ಮನೆಯ ಇನ್ನೊಂದು ಕಾರು.

ಮಂಡಿ ಗಟ್ಟಿ ಇದ್ದು, ಬಜೆಟ್ ಚಿಕ್ಕದಿದ್ದರೆ ಅಬಾರ್ತ್ ತಗೊಳ್ಳಿ. ಒಂದೇ ಕಾರಿನಲ್ಲಿ ಸಂಸಾರವೂ ಸಾಗಬೇಕು, ದುಡ್ಡೂ ಇದೆ ಅಂದರೆ ಆಕ್ಟೇವಿಯಾ. ನನಗೆ ಮಾತ್ರ ಪೋಲೋನೇ.

ಹಳೇ ರಾಜ್ಯದಲ್ಲಿ ಕಟ್ಟಿದ್ದ ತೆರಿಗೆ ವಾಪಸಾತಿಗೆ ಅರ್ಜಿ ಹಾಕಿದ್ದೇವೆ. ಇನ್ನೂ ಬಂದಿಲ್ಲ. ಬಂದರೆ ನಾಲ್ಕೂ ಟೈರು ಹಾಕಿಸುತ್ತೇನೆ. ಬರದಿದ್ದರೂ ಮುಂದಿನ ಎರಡನ್ನಂತೂ ಹಾಕಿಸಲೇಬೇಕು, ಚಾರ್ಮಾಡಿಯಲ್ಲಿ ಸವೆಸಿಬಿಟ್ಟಿದ್ದೇನೆ.