ಶಾಲಾ ಗ್ರಂಥಾಲಯಕ್ಕೆ ಕೊಹಾ: ಕೌಂಟರಿನಲ್ಲಿ ಗಟ್ಟಿ, ಕನ್ನಡದ ಹುಡುಕಾಟಕ್ಕೆ ಆರೈಕೆ ಬೇಕು

ಒಂದು ಲೈಬ್ರರಿ ಪೀರಿಯಡ್ ಅಂದರೆ 40 ನಿಮಿಷ, 40 ಮಕ್ಕಳು. ಹಳೆಯ ಪುಸ್ತಕ ವಾಪಸು ತೆಗೆದುಕೊಳ್ಳಬೇಕು, ಹೊಸದು ಇಶ್ಯೂ ಮಾಡಬೇಕು, ನಡುವೆ ‘ಇದೇ ಥರದ್ದು ಇನ್ನೊಂದು ಇದೆಯಾ ಮಿಸ್?’ ಅನ್ನುವ ಮಗುವಿಗೂ ಉತ್ತರ ಕೊಡಬೇಕು. ಶಾಲಾ ಗ್ರಂಥಪಾಲಕರು ಬಳಸುವ ಸಾಫ್ಟ್‌ವೇರನ್ನು ಅಳೆಯಬೇಕಾದ್ದು ಈ 40 ನಿಮಿಷದಲ್ಲೇ. ಆ ಅಳತೆಯಲ್ಲಿ ಕೊಹಾ ಎಂಬ ಗ್ರಂಥಾಲಯ ನಿರ್ವಹಣೆಯ ಸಾಫ್ಟ್‌ವೇರ್ ಗೆಲ್ಲುತ್ತದೆ. ಆದರೆ ಅದನ್ನು ಕೂರಿಸಿ ಮರೆತುಬಿಡುವ ಹಾಗಿಲ್ಲ. ಸಾವಿರಕ್ಕಿಂತ ಕಡಿಮೆ ಪುಸ್ತಕಗಳಿದ್ದು, ಅದಕ್ಕೆಂದೇ ಒಬ್ಬರು ಇಲ್ಲದಿದ್ದರೆ ಬಂದ ಪುಸ್ತಕಗಳನ್ನು ಬರೆದಿಡುವ ಒಳ್ಳೆಯ ಆಕ್ಸೆಷನ್ ರಿಜಿಸ್ಟರು, ಒಂದು ಸ್ಪ್ರೆಡ್‌ಶೀಟು ಸಾಕು.

ಕೊಹಾ ಹುಟ್ಟಿದ್ದು 1999ರಲ್ಲಿ, ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿಗಾಗಿ; 2000ದ ಜನವರಿಯಿಂದ ಬಳಕೆಯಲ್ಲಿದೆ. ಮುಕ್ತ ತಂತ್ರಾಂಶ, ಲೈಸೆನ್ಸ್ ಶುಲ್ಕವಿಲ್ಲ. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಮೇಲೆ ನಡೆಯುತ್ತದೆ. ಒಂದು ಶಾಲೆಗಾದರೆ 4 ಜಿಬಿ ರ್‍ಯಾಮ್ ಇರುವ ಸಾಧಾರಣ ಕಂಪ್ಯೂಟರೇ ಸರ್ವರ್ ಆಗಬಲ್ಲದು. ಉಳಿದ ಕಂಪ್ಯೂಟರುಗಳಲ್ಲಿ ಬ್ರೌಸರ್ ಇದ್ದರಾಯಿತು. ಇನ್‌ಸ್ಟಾಲ್ ಮಾಡಲು ಲಿನಕ್ಸ್ ಬಲ್ಲವರೊಬ್ಬರು ಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಕೌಂಟರಿನ ಕೆಲಸ ನಿಜಕ್ಕೂ ಚೆನ್ನಾಗಿದೆ. ಪುಸ್ತಕ ವಾಪಸಿಗೆ ಮಗುವಿನ ಹೆಸರು, ಕಾರ್ಡು ಏನೂ ಬೇಡ. ಪುಸ್ತಕದ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತ ಹೋದರೆ ಸಾಕು. ಹಾಗಾಗಿ ಬಾಗಿಲಲ್ಲೇ ಒಂದು ಬುಟ್ಟಿ ಇಟ್ಟು, ಮಕ್ಕಳು ಕಪಾಟಿನ ಕಡೆ ಹೋದಮೇಲೆ ಬುಟ್ಟಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಚೆಕ್-ಇನ್ ಮಾಡುವುದು ಒಳ್ಳೆಯದು. ಇಶ್ಯೂಗೆ ಮಾತ್ರ ಮಗುವಿನ ಕಾರ್ಡ್ ನಂಬರ್ ಬೇಕು. ಕಾರ್ಡು ಮಕ್ಕಳ ಕೈಗೆ ಕೊಟ್ಟರೆ ಅರ್ಧ ತರಗತಿ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತದೆ. ತರಗತಿವಾರು ಎ4 ಹಾಳೆಗಳಲ್ಲಿ ಹೆಸರು, ಬಾರ್‌ಕೋಡ್ ಮುದ್ರಿಸಿ ಫೈಲಿನಲ್ಲಿ ಇಟ್ಟುಕೊಂಡರೆ ಈ ಗೋಳಿಲ್ಲ. ಎರಡು ಬಾರ್‌ಕೋಡುಗಳ ನಡುವೆ 2 ಸೆಂ.ಮೀ. ಜಾಗ ಬಿಡಿ, ಇಲ್ಲವಾದರೆ ಸ್ಕ್ಯಾನರ್ ಪಕ್ಕದ ಮಗುವನ್ನು ಹಿಡಿಯುತ್ತದೆ. ಹೊಳಪಿನ ಲ್ಯಾಮಿನೇಷನ್ ಬೇಡ, ದೀಪದ ಬೆಳಕು ಬಿದ್ದರೆ ಸ್ಕ್ಯಾನರಿಗೆ ಓದಲು ಕಷ್ಟ.

ಸ್ಕ್ಯಾನರ್ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಕೀಬೋರ್ಡ್ ಅಷ್ಟೆ. ಕನ್ನಡ ಕೀಲಿಮಣೆ ಚಾಲೂ ಇಟ್ಟು ಸ್ಕ್ಯಾನ್ ಮಾಡಿದರೆ ಬಾರ್‌ಕೋಡಿನಲ್ಲಿರುವ ಇಂಗ್ಲಿಷ್ ಅಕ್ಷರಗಳು ಕನ್ನಡವಾಗಿ ಬಿದ್ದು ‘ಬಾರ್‌ಕೋಡ್ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಸ್ಕ್ಯಾನರ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಇದನ್ನು ನೋಡಿ.

ಎಷ್ಟು ಪುಸ್ತಕ, ಎಷ್ಟು ದಿನ, ಎಷ್ಟು ಬಾರಿ ನವೀಕರಣ ಎಂಬುದನ್ನೆಲ್ಲ ಸದಸ್ಯರ ವರ್ಗ ಮತ್ತು ಪುಸ್ತಕದ ಬಗೆ ಸೇರಿಸಿ ಒಂದು ಕೋಷ್ಟಕದಲ್ಲಿ ತುಂಬಬೇಕು. ಮೊದಲು ‘ಎಲ್ಲ ಸದಸ್ಯರು, ಎಲ್ಲ ಬಗೆ’ ಎಂಬ ಸಾಮಾನ್ಯ ನಿಯಮ ಬರೆದು, ಆಮೇಲೆ ವಿಶೇಷ ನಿಯಮಗಳಿಗೆ ಹೋಗಿ. ಅದಿಲ್ಲದಿದ್ದರೆ ಯಾವುದೋ ಒಂದು ವರ್ಗ ನಿಯಮವೇ ಇಲ್ಲದೆ ಕೌಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಯಾಲೆಂಡರಿನಲ್ಲಿ ರಜೆಗಳನ್ನು ವರ್ಷದ ಆರಂಭದಲ್ಲೇ ತುಂಬಿ. ಇಲ್ಲದಿದ್ದರೆ ರಜೆಯ ದಿನವೇ ವಾಯಿದೆ ಬಂದು, ಶಾಲೆ ತೆರೆದ ದಿನ ಮಕ್ಕಳೆಲ್ಲ ತಡಮಾಡಿದವರ ಪಟ್ಟಿಯಲ್ಲಿರುತ್ತಾರೆ.

ಈಗ ತೊಡಕಿನ ಜಾಗಕ್ಕೆ ಬರೋಣ. ಕೊಹಾದ ಹುಡುಕಾಟವನ್ನು ನಡೆಸುವ ಜೀಬ್ರಾ ಎಂಬ ಇಂಡೆಕ್ಸ್ (ಪದಸೂಚಿ) ಎಂಜಿನ್ ಮೂಲತಃ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಅಕ್ಷರಪಟ್ಟಿಯೊಂದಿಗೆ ಬರುತ್ತದೆ. ಅದನ್ನು ಬೇರೆ ಲಿಪಿಗಳನ್ನೂ ಅರಿಯುವ ಐಸಿಯು ವಿಧಾನಕ್ಕೆ ಬದಲಿಸಿ, ಇಡೀ ಇಂಡೆಕ್ಸನ್ನು ಮತ್ತೆ ಕಟ್ಟದೆ ಕನ್ನಡ ಶೀರ್ಷಿಕೆಗಳ ಹುಡುಕಾಟ ನೆಚ್ಚುವಂತಿಲ್ಲ. ಇನ್‌ಸ್ಟಾಲ್ ಮಾಡುವವರಿಗೆ ಮೊದಲ ದಿನವೇ ಇದನ್ನು ಹೇಳಿ.

ಇಷ್ಟಾದರೂ ಕನ್ನಡದ ವಿಭಕ್ತಿ ಪ್ರತ್ಯಯಗಳು ಕೊಹಾಕ್ಕೆ ಅರ್ಥವಾಗುವುದಿಲ್ಲ. ‘ಕಾಡು’ ಎಂದು ಹುಡುಕಿದರೆ ಶೀರ್ಷಿಕೆಯಲ್ಲಿ ‘ಕಾಡಿನ’ ಎಂದಿರುವ ಪುಸ್ತಕ ಬರುವುದಿಲ್ಲ. ಪದದ ಆರಂಭದ ಅಕ್ಷರಗಳಿಂದಲೇ ಹುಡುಕುವ ಆಯ್ಕೆಯನ್ನು ಪ್ರಿಫರೆನ್ಸಿನಲ್ಲಿ ಚಾಲೂ ಮಾಡಿ, ಉಕಾರ ಬಿಟ್ಟು ‘ಕಾಡ’ ಎಂದಷ್ಟೇ ಕೊಟ್ಟರೆ ಎರಡೂ ಸಿಗುತ್ತವೆ, ಏಕೆಂದರೆ ಕಂಪ್ಯೂಟರು ಅಕ್ಷರಗಳನ್ನು ಉಳಿಸುವ ಯೂನಿಕೋಡ್ ಸಂಕೇತದಲ್ಲಿ ಸ್ವರಚಿಹ್ನೆ ‘ಡ’ದ ನಂತರ ಬೇರೆಯಾಗಿ ಕೂತಿರುತ್ತದೆ. ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟ. ಪುಸ್ತಕದ ದಾಖಲೆಯಲ್ಲಿ ಪ್ರತಿ ವಿವರಕ್ಕೂ ಒಂದು ಸಂಖ್ಯೆಯ ಖಾನೆ, ಅಂದರೆ ಟ್ಯಾಗ್, ಇರುತ್ತದೆ. 650ನೇ ಟ್ಯಾಗಿನಲ್ಲಿ, ಅಂದರೆ ವಿಷಯ ಶೀರ್ಷಿಕೆಯಲ್ಲಿ, ‘ಕಾಡು’ ಎಂಬ ಮೂಲಪದವನ್ನೇ ಹಾಕಿಬಿಡುವುದು ಸುಲಭ.

ಹಳೆಯ ಪಟ್ಟಿ ನುಡಿಯಂಥ ತಂತ್ರಾಂಶದ ಯೂನಿಕೋಡೇತರ ಅಕ್ಷರದಲ್ಲಿದ್ದರೆ ಕೊಹಾಕ್ಕೆ ಏರಿಸುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ಎಕ್ಸೆಲ್ ಮೂಲಕ ಹೋಗುವವರಿಗೆ ಇನ್ನೆರಡು ಗುಂಡಿಗಳಿವೆ. 00125 ಎಂಬ ಬಾರ್‌ಕೋಡ್ ತನ್ನಷ್ಟಕ್ಕೆ 125 ಆಗುತ್ತದೆ, 13 ಅಂಕಿಯ ಐಎಸ್‌ಬಿಎನ್ ಘಾತಾಂಕ ರೂಪಕ್ಕೆ ತಿರುಗುತ್ತದೆ. ಆ ಕಾಲಮ್ಮುಗಳನ್ನು ಟೆಕ್ಸ್ಟ್ ಎಂದು ಗುರುತಿಸಿ, ಫೈಲನ್ನು ಯೂನಿಕೋಡಿನ ಯುಟಿಎಫ್-8 ರೂಪದಲ್ಲೇ ಉಳಿಸಬೇಕು. ಲೇಖಕರ ಇನಿಷಿಯಲ್ ಹೆಸರಿನ ಮುಂದೆಯೋ ಹಿಂದೆಯೋ ಎಂಬುದನ್ನು ಮೊದಲೇ ನಿರ್ಧರಿಸಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಇಬ್ಬರು ಎರಡು ರೀತಿ ಟೈಪ್ ಮಾಡಿದರೆ ಒಬ್ಬ ಲೇಖಕರು ಇಬ್ಬರಾಗುತ್ತಾರೆ.

ಝಡ್39.50 ಎಂಬ ದಾಖಲೆ ವಿನಿಮಯ ವಿಧಾನದ ಮೂಲಕ ಬೇರೆ ಗ್ರಂಥಾಲಯಗಳ ದಾಖಲೆ ಎಳೆದುಕೊಳ್ಳುವ ಸೌಲಭ್ಯ ಇಂಗ್ಲಿಷ್ ಪುಸ್ತಕಗಳಿಗೆ ಬಹಳ ಉಪಯೋಗ. ಕನ್ನಡದ ಮಕ್ಕಳ ಪುಸ್ತಕಗಳಿಗೆ ಹೆಚ್ಚಾಗಿ ನಾವೇ ಕೂತು ಬರೆಯಬೇಕು. ದಾಖಲೆ ತುಂಬುವ ಮೂಲ ಫ್ರೇಮ್‌ವರ್ಕಿನಲ್ಲಿ, ಅಂದರೆ ನಮೂನೆಯಲ್ಲಿ, ನೂರಾರು ಖಾನೆಗಳಿವೆ. ಶಾಲೆಗೆ ಬೇಕಾದವು ಬೆರಳೆಣಿಕೆಯಷ್ಟು: 020 ಐಎಸ್‌ಬಿಎನ್, 082 ಡ್ಯೂಯಿ ವರ್ಗೀಕರಣ ಸಂಖ್ಯೆ, 100 ಲೇಖಕರು, 245 ಶೀರ್ಷಿಕೆ, 260 ಪ್ರಕಾಶನ, 300 ಪುಟಗಳು, 520 ಸಾರಾಂಶ, 650 ವಿಷಯ, ಜೊತೆಗೆ ಪ್ರತಿಯ ವಿವರದ 952. ಉಳಿದವನ್ನು ಮರೆಮಾಡಿದ ಒಂದು ಪ್ರತ್ಯೇಕ ಫ್ರೇಮ್‌ವರ್ಕ್ ಮಾಡಿಕೊಳ್ಳಿ, ಕೆಲಸ ಹಗುರಾಗುತ್ತದೆ. ಕನ್ನಡ ಸಾಹಿತ್ಯಕ್ಕೆಲ್ಲ ಡ್ಯೂಯಿಯಲ್ಲಿ 894.814 ಎಂದೇ ಶುರು, ಹಾಗಾಗಿ ಇಡೀ ಕಪಾಟು ಒಂದೇ ನಂಬರಾಗಿ ಕಾಣುತ್ತದೆ. ಮಕ್ಕಳಿಗೆ ಅದು ಪ್ರಯೋಜನವಿಲ್ಲ. ಕಪಾಟಿನ ಸ್ಥಳ ಎಂಬ ಖಾನೆಯಲ್ಲಿ ‘ಚಿತ್ರಪುಸ್ತಕ’, ‘ಸಣ್ಣ ಕಥೆ’, ‘ಕಾದಂಬರಿ’ ಎಂದು ಬರೆದು, ಪುಸ್ತಕದ ಬೆನ್ನಿಗೆ ಬಣ್ಣದ ಚುಕ್ಕೆ ಅಂಟಿಸಿದರೆ ಎರಡನೇ ತರಗತಿಯವರೂ ಪುಸ್ತಕವನ್ನು ತಾವೇ ವಾಪಸಿಡುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು 520. ಪ್ರಕಾಶಕರ ಬೆನ್ನುಡಿಯನ್ನು ಅಲ್ಲಿ ನಕಲಿಸಬೇಡಿ. ಗ್ರಂಥಪಾಲಕರು ಪುಸ್ತಕ ಓದಿ, ಮಕ್ಕಳು ಕೇಳುವ ಮಾತಿನಲ್ಲೇ ಎರಡು ಸಾಲು ಬರೆಯಬೇಕು. ‘ಕಳೆದುಹೋದ ನಾಯಿಮರಿಯನ್ನು ಅಣ್ಣ ತಂಗಿ ಹುಡುಕುವ ಕಥೆ. ಮಳೆ, ರಾತ್ರಿ, ಸ್ವಲ್ಪ ಹೆದರಿಕೆ, ಕೊನೆಗೆ ಖುಷಿ.’ ಮಕ್ಕಳಿಗೆ ಶೀರ್ಷಿಕೆ ನೆನಪಿರುವುದಿಲ್ಲ, ‘ನಾಯಿಮರಿ ಕಳೆದುಹೋಗುತ್ತಲ್ಲ, ಅದು’ ಎಂದು ಕೇಳುತ್ತಾರೆ. 520ರ ಪದಗಳೂ ಸಾಮಾನ್ಯ ಹುಡುಕಾಟಕ್ಕೆ ಸಿಗುವುದರಿಂದ ಪುಸ್ತಕ ಆ ಕ್ಷಣವೇ ಕೈಗೆ ಬರುತ್ತದೆ. ಗ್ರಂಥಪಾಲಕರ ಓದು ಇಡೀ ಶಾಲೆಗೆ ದಕ್ಕುವುದು ಇಲ್ಲಿಯೇ. ಸಾರ್ವಜನಿಕ ಪಟ್ಟಿಗಳ ಸೌಲಭ್ಯವನ್ನೂ ಇದಕ್ಕೆ ಜೋಡಿಸಬಹುದು. ಮಗುವಿನ ಹಿಂದಿನ ಓದಿನ ದಾಖಲೆ ನೋಡಿ ಮುಂದಿನ ಪುಸ್ತಕ ಸೂಚಿಸಲು ಅನುಕೂಲವಿದೆ. ಆದರೆ ಯಾರು ಏನು ಓದಿದರು ಎಂಬುದನ್ನು ನೋಟಿಸ್ ಬೋರ್ಡಿಗೆ ಹಾಕುವುದು ತಪ್ಪು. ಅದು ಮಗುವಿನ ಖಾಸಗಿ ವಿಷಯ.

ಸ್ಟಾಕ್ ವೆರಿಫಿಕೇಶನ್ ಸಲೀಸು. ಕಪಾಟಿನ ಬಾರ್‌ಕೋಡುಗಳನ್ನು ಸ್ಕ್ಯಾನ್ ಮಾಡಿದ ಫೈಲನ್ನು ಏರಿಸಿದರೆ ಕಾಣೆಯಾದವುಗಳ ಪಟ್ಟಿ ಬರುತ್ತದೆ. ಲೇಬಲ್ ಮುದ್ರಿಸುವಾಗ ಪಿಡಿಎಫ್‌ನ ಅಳತೆ 100 ಪ್ರತಿಶತ ಇರಲಿ. ‘ಪುಟಕ್ಕೆ ಹೊಂದಿಸು’ ಎಂದು ಕೊಟ್ಟರೆ ಹಾಳೆಯ ಕೆಳಗಿನ ಸಾಲು ಹೊತ್ತಿಗೆ ಲೇಬಲ್ ಗೆರೆ ದಾಟಿರುತ್ತದೆ.

ವರ್ಷದ ಕೊನೆಗೆ ತರಗತಿ ಬದಲಿಸಲು ಸದಸ್ಯರನ್ನು ಗುಂಪಾಗಿ ತಿದ್ದುವ ಸಾಧನವಿದೆ. ಮೇಲಿನಿಂದ ಕೆಳಗೆ ಬನ್ನಿ: ಮೊದಲು 10ನೆಯವರನ್ನು ಹೊರಗೆ ಹಾಕಿ, ಆಮೇಲೆ 9ನ್ನು 10 ಮಾಡಿ, 8ನ್ನು 9 ಮಾಡಿ. ಕೆಳಗಿನಿಂದ ಶುರುಮಾಡಿದರೆ 8ನೆಯವರು ಇನ್ನೂ ಅಲ್ಲೇ ಇರುವ 9ನೆಯವರ ಜೊತೆ ಬೆರೆತುಹೋಗುತ್ತಾರೆ, ಬಿಡಿಸುವುದು ದೊಡ್ಡ ಕಷ್ಟ. ಅದೇ ಹೊತ್ತಿಗೆ ಸದಸ್ಯತ್ವದ ಮುಕ್ತಾಯ ದಿನಾಂಕವನ್ನೂ ಮುಂದೂಡಿ.

ಹೊಸ ಆವೃತ್ತಿ ಪ್ರತಿವರ್ಷ ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ರಜೆಯಲ್ಲಿ ಒಮ್ಮೆ ಏರಿಸಿದರೆ ಸಾಕು, ಅದಕ್ಕೂ ಮುಂಚೆ ಬ್ಯಾಕಪ್ ಕಡ್ಡಾಯವಾಗಿ ತೆಗೆಯಿರಿ. ಕೊಹಾ ದಿನಕ್ಕೊಂದು ಬ್ಯಾಕಪ್ ತಾನೇ ತೆಗೆಯುತ್ತದೆ ನಿಜ. ಆದರೆ ಮೂಲ ವ್ಯವಸ್ಥೆಯಲ್ಲಿ ಅದು ಎರಡೇ ದಿನದ್ದನ್ನು ಉಳಿಸಿಕೊಳ್ಳುತ್ತದೆ, ಅದೂ ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಎರಡೂ ಹೋದಂತೆ. ಸರ್ವರನ್ನು ಸಂಜೆ ಆರಿಸಿ ಹೋಗುವ ಶಾಲೆಗಳಲ್ಲಿ ನಿಗದಿತ ಹೊತ್ತಿಗೆ ನಡೆಯಬೇಕಾದ ಬ್ಯಾಕಪ್, ವಾಯಿದೆ ಮೀರಿದವುಗಳ ಲೆಕ್ಕ ಎರಡೂ ತಪ್ಪಬಹುದು. ಪ್ರತಿ ಶುಕ್ರವಾರ ಆ ಫೋಲ್ಡರ್ ತೆರೆದು, ಕೊನೆಯ ಫೈಲಿನ ದಿನಾಂಕ ಮತ್ತು ಗಾತ್ರ ನೋಡಿ, ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ ಗ್ರಂಥಾಲಯದ ಹೊರಗೆ ಇಡಿ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಏರಿಸಿ, ತೆರೆಯುತ್ತದೆಯೇ ಎಂದು ಪರೀಕ್ಷಿಸಿ.