ನಲ್ಲಿಗೆ ಜಾಲರಿಯೋ, ಎರಡು ಬೋಗುಣಿಯೋ: ಮನೆಯಲ್ಲಿ ಅಳೆದು ನೋಡಿದ ನೀರಿನ ಉಳಿತಾಯ

2023ರಲ್ಲಿ ಮುಂಗಾರು ಕೈಕೊಟ್ಟು, 124.80 ಅಡಿಯ ಕೃಷ್ಣರಾಜಸಾಗರ ತುಂಬದೇ ಉಳಿದಾಗ, ಕಾವೇರಿ ಮತ್ತು ಕಬಿನಿಯ ನೀರನ್ನೇ ನೆಚ್ಚಿಕೊಂಡ ಮೈಸೂರಿನ ನಮಗೆಲ್ಲ ಮುಂದಿನ ಬೇಸಿಗೆಯ ಚಿಂತೆ ಹತ್ತಿತು. ನೀರುಳಿಸುವ ಉಪಾಯಗಳನ್ನು ಎಲ್ಲರೂ ಹೇಳುತ್ತಾರೆ. ಯಾವುದರಿಂದ ಎಷ್ಟು ಉಳಿಯುತ್ತದೆಂದು ಅಳೆದು ಹೇಳುವವರು ಕಡಿಮೆ. ಆದ್ದರಿಂದ 2024ರ ಬೇಸಿಗೆಯಲ್ಲಿ, ಕುವೆಂಪುನಗರದ ನಮ್ಮ ನಾಲ್ವರ ಮನೆಯಲ್ಲಿ, ಒಂದು ಲೀಟರಿನ ಜಗ್ಗು ಮತ್ತು 15 ಲೀಟರಿನ ಬಕೆಟ್ಟು ಇಟ್ಟುಕೊಂಡು ಒಂದೊಂದು ಉಪಾಯವನ್ನೂ ಕೆಲವು ವಾರ ನಡೆಸಿ ನೋಡಿದೆ.

ಮೊದಲು ಕೈ ಹಾಕಿದ್ದು ಅಡುಗೆಮನೆಗೆ. ಅಲ್ಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಜಗ್ಗು ಆರು ಸೆಕೆಂಡಿನಲ್ಲಿ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 10 ಲೀಟರು. ನಲ್ಲಿಯ ಮೂತಿಗೆ ಏರೇಟರ್ ಎಂಬ ಸಣ್ಣ ಜಾಲರಿ ತಿರುಗಿಸಿ ಕೂರಿಸಿದ ಮೇಲೆ ಅದೇ ಜಗ್ಗಿಗೆ 15 ಸೆಕೆಂಡು ಬೇಕಾಯಿತು. ಜಾಲರಿ ನೀರಿಗೆ ಗಾಳಿ ಬೆರೆಸುವುದರಿಂದ ಧಾರೆ ದಪ್ಪವಾಗಿಯೇ ಕಾಣುತ್ತದೆ, ಕೈಗೆ ಕೊರತೆ ಅನ್ನಿಸುವುದಿಲ್ಲ. ಸಿಂಕಿನ ಕೆಳಗಿನ ಕೊಳವೆ ಬಿಚ್ಚಿ ಬಕೆಟ್ಟು ಇಟ್ಟು ನೋಡಿದಾಗ, ರಾತ್ರಿಯ ಪಾತ್ರೆಗಳಿಗೆ ಜಾಲರಿಯಿಲ್ಲದೆ ಮೂರೂವರೆ ಬಕೆಟ್ಟು, ಜಾಲರಿಯಿದ್ದಾಗ ಎರಡು ಬಕೆಟ್ಟಿಗಿಂತ ಸ್ವಲ್ಪ ಕಡಿಮೆ ನೀರು ಹೋಗಿತ್ತು.

ಇಷ್ಟರಲ್ಲೇ ನಾನು ತೃಪ್ತಳಾಗಿದ್ದೆ. ಆದರೆ ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಲ್ಲಿ ಬಾವಿಯಿಂದ ಸೇದಿದ ನೀರಿನಲ್ಲಿ ಸಂಸಾರ ಮಾಡಿದ ನನ್ನ ಅತ್ತೆ, "ನಲ್ಲಿ ಓಡ್ತಾ ಇದ್ರೆ ಕೈಗೆ ನೀರಿನ ಲೆಕ್ಕ ಸಿಗಲ್ಲ ಕಣಮ್ಮ" ಎಂದು ಎರಡು ಬೋಗುಣಿ ತಂದಿಟ್ಟರು. ನಲ್ಲಿ ನಿಲ್ಲಿಸಿ ಎಲ್ಲ ಪಾತ್ರೆಗಳನ್ನೂ ಮೊದಲು ಉಜ್ಜಿಟ್ಟು, ಒಂದು ಬೋಗುಣಿಯಲ್ಲಿ ಸೋಪು ಬಿಡಿಸಿ, ಇನ್ನೊಂದರಲ್ಲಿ ಅದ್ದಿ ತೆಗೆಯುವುದು ಅವರ ಕ್ರಮ. ಮೊದಲನೆಯದರ ನೀರು ಕದಡಿದಾಗ ಅದನ್ನು ಚೆಲ್ಲಿ, ಎರಡನೆಯದರ ನೀರನ್ನು ಅದಕ್ಕೆ ಸುರಿದು, ಎರಡನೆಯದಕ್ಕಷ್ಟೇ ಹೊಸ ನೀರು ಹಿಡಿಯುತ್ತಾರೆ. ಅಷ್ಟೇ ಪಾತ್ರೆಗಳಿಗೆ ಅವರಿಗೆ ಬೇಕಾದದ್ದು ಒಂದು ಬಕೆಟ್ಟು ಮತ್ತು ಮೇಲೆ ಮೂರು ಲೀಟರು.

ಲೆಕ್ಕದಲ್ಲಿ ಬೋಗುಣಿಯೇ ಗೆದ್ದಿತು. ಆದರೂ ತಿಂಗಳಿಡೀ ನೋಡಿದರೆ, ಬೆಳಗಿನ ಗಡಿಬಿಡಿಯಲ್ಲಿ ಅತ್ತೆಯವರ ಹೊರತು ಬೇರೆ ಯಾರೂ ಬೋಗುಣಿ ಮುಟ್ಟಲಿಲ್ಲ. ಜಾಲರಿಯಾದರೋ ಯಾರ ಮನಸ್ಸನ್ನೂ ಕೇಳದೆ ದಿನವೂ ತನ್ನ ಕೆಲಸ ಮಾಡಿತು. ಹೀಗಾಗಿ ಒಂದನ್ನೇ ಆರಿಸಬೇಕಾದ ಮನೆಗೆ ನಾನು ಹೇಳುವುದು ಜಾಲರಿಯನ್ನೇ. ಕೊಡ, ಬಕೆಟ್ಟು ತುಂಬಿಸುವ ನಲ್ಲಿಗೆ ಮಾತ್ರ ಅದನ್ನು ಹಾಕಬಾರದು: ತುಂಬಬೇಕಾದ ನೀರು ಅಷ್ಟೇ ಇರುವುದರಿಂದ ಉಳಿತಾಯವಿಲ್ಲ, ಕಾಯುವ ಹೊತ್ತು ಮಾತ್ರ ಎರಡೂವರೆ ಪಟ್ಟಾಗುತ್ತದೆ. ಬೋರ್‌ವೆಲ್ ನೀರು ಬೆರೆಯುವ ಮನೆಗಳಲ್ಲಿ ಜಾಲರಿಗೆ ಬಿಳಿ ಪದರ ಕಟ್ಟುತ್ತದೆ. ಬಿಚ್ಚಿ ನಿಂಬೆರಸದಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ.

ಸ್ನಾನದ ಹೋಲಿಕೆಗೆ ಹೆಚ್ಚು ಮಾತು ಬೇಡ. ಐದು ನಿಮಿಷದ ಶವರಿಗೆ ಮೂರು ಬಕೆಟ್ಟು ಹೋದರೆ, ಚೊಂಬಿನ ಸ್ನಾನ ಒಂದೂಕಾಲು ಬಕೆಟ್ಟಿನಲ್ಲಿ ಮುಗಿಯುತ್ತದೆ.

ಶೌಚಾಲಯದ 10 ಲೀಟರಿನ ಹಳೆಯ ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬಿದ, ಒಂದೊಂದು ಲೀಟರಿನ ಎರಡು ಬಾಟಲಿಗಳನ್ನು ಇಟ್ಟು ನೋಡಿದೆ. ಒಂದು ಸಲಕ್ಕೆ ಎರಡು ಲೀಟರು ಉಳಿಯಬೇಕಿತ್ತು. ಒಮ್ಮೆಗೆ ಸಾಲದೆ ಮತ್ತೆ ಫ್ಲಶ್ ಮಾಡುವಂತಾದಾಗ ಉಳಿದದ್ದಕ್ಕಿಂತ ಹೆಚ್ಚೇ ಹೋಗುತ್ತಿತ್ತು. ಒಂದು ಬಾಟಲಿ ತೆಗೆದ ಮೇಲೆ ಆ ತೊಂದರೆ ತಪ್ಪಿತು. ಇದಕ್ಕೆ ಹೋಲಿಸಿದರೆ, ವಾಷಿಂಗ್ ಮಷೀನು ಕೊನೆಯ ಸಲ ಜಾಲಿಸಿ ಬಿಡುವ ನೀರನ್ನು ಡ್ರಮ್ಮಿಗೆ ಹಿಡಿದು ಶೌಚಾಲಯಕ್ಕೆ ಸುರಿಯುವುದು ಎಷ್ಟೋ ಮೇಲು, ಏಕೆಂದರೆ ಅಲ್ಲಿ ಒಳ್ಳೆಯ ನೀರೇ ಖರ್ಚಾಗುವುದಿಲ್ಲ. ಬಕೆಟ್ಟು ಎತ್ತಲಾಗದ ಹಿರಿಯರಿಗೆ ಮಾತ್ರ ಇದು ಆಗದ ಕೆಲಸ.

ಕುಡಿಯುವ ನೀರಿನ ಆರ್‌ಓ ಯಂತ್ರವನ್ನು ಅಳೆದ ದಿನ ನನಗೆ ನಿಜಕ್ಕೂ ನೋವಾಯಿತು. ಒಂದು ಲೀಟರು ಶುದ್ಧ ನೀರಿಗೆ ಎರಡೂವರೆ ಲೀಟರು ಸಿಂಕಿಗೆ ಹೋಗುತ್ತಿತ್ತು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ನಲ್ಲಿಯ ನೀರಿನಲ್ಲಿ ಅದರ ಅರ್ಧವೂ ಇರಲಿಲ್ಲ. ತೆಗೆಯಬೇಕಾದ ಲವಣವೇ ಇಲ್ಲದ ನೀರಿಗೆ ಆ ಯಂತ್ರ ಏಕೆಂದು ಅದನ್ನು ನಿಲ್ಲಿಸಿ, ಈಗ ಕುದಿಸಿ ಆರಿಸಿ ಕುಡಿಯುತ್ತಿದ್ದೇವೆ. ಬೋರ್‌ವೆಲ್ ನೀರು ಕುಡಿಯುವವರು ಪರೀಕ್ಷೆ ಮಾಡಿಸದೆ ಹೀಗೆ ಮಾಡಬಾರದು. ಅವರು ಆರ್‌ಓ ಬಿಟ್ಟ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳಬಹುದು.

ಮಳೆನೀರಿಗೆ ಚಾವಣಿಯ ಕೊಳವೆಯ ಕೆಳಗೆ 200 ಲೀಟರಿನ ಡ್ರಮ್ಮು ಇಟ್ಟದ್ದು ಮೇ ತಿಂಗಳಲ್ಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಸುಮಾರು 55 ಚದರ ಮೀಟರಿನ ನಮ್ಮ ಚಾವಣಿಗೆ 10 ಮಿಲಿಮೀಟರು ಸುರಿದರೆ 550 ಲೀಟರು. ಡ್ರಮ್ಮು ತುಂಬಿ, ಉಳಿದದ್ದೆಲ್ಲ ಕಣ್ಣೆದುರೇ ಚರಂಡಿಗೆ ಹರಿಯಿತು. ಗಿಡಗಳಿಗೆ ಮೂರು ನಾಲ್ಕು ದಿನ ಸಾಕಾಯಿತೆಂಬುದು ನಿಜ. ಆದರೆ ಮೈಸೂರಿಗೆ ಜೋರು ಮಳೆ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ನೀರು ಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಅಷ್ಟು ದೂರದವರೆಗೆ ಡ್ರಮ್ಮು ನೀರನ್ನು ಕಾಯಲಾರದು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳಿನ ಮೂಲಕ ಸೋಸಿ 6,000 ಲೀಟರಿನ ಸಂಪಿಗೆ ಇಳಿಸುವುದೇ ಸರಿಯೆಂದು ತೋರಿ, ಕೊಳವೆಯ ಅಳತೆಗೆ ಪ್ಲಂಬರನ್ನು ಕರೆಸಿದ್ದೇವೆ.