ಟ್ರಾನ್ಸ್‌ವೆಲ್ ಇನ್ಸರ್ಟ್: ಪ್ರೋಬಯಾಟಿಕ್ ಪರೀಕ್ಷೆಗೆ ಹೇಗಿದೆ?

ಯಾವ ಪ್ರೋಬಯಾಟಿಕ್ ತಳಿ ಕರುಳಿನ ಗೋಡೆಯನ್ನು ಬಿಗಿಗೊಳಿಸುತ್ತದೆ ಎಂದು ಜರಡಿ ಹಿಡಿಯಲು ಕಾರ್ನಿಂಗ್ ಕಂಪನಿಯ 12 ಮಿ.ಮೀ. ಟ್ರಾನ್ಸ್‌ವೆಲ್ ಒಳ್ಳೆಯ ಆಯ್ಕೆ. ಇದು ತಳದಲ್ಲಿ ರಂಧ್ರಗಳ ಪೊರೆಯಿರುವ ಪುಟ್ಟ ಬಟ್ಟಲು: ತಟ್ಟೆಯ ಗುಳಿಯೊಳಗೆ ಇಳಿಬಿಟ್ಟು, ಪೊರೆಯ ಮೇಲೆ ಕೋಶಪದರ ಬೆಳೆಸುವುದು. 0.4 ಮೈಕ್ರಾನ್ ರಂಧ್ರದ ಪಾಲಿಯೆಸ್ಟರ್ ಪೊರೆಯದ್ದನ್ನೇ ಕೊಳ್ಳಿ. ಪಾಲಿಕಾರ್ಬೊನೇಟ್‌ನದು ಮಬ್ಬು, ಸೂಕ್ಷ್ಮದರ್ಶಕದಲ್ಲಿ ಕೋಶಗಳು ಸರಿಯಾಗಿ ಕಾಣುವುದಿಲ್ಲ. ಪೊರೆಯ ಮೇಲೆ 0.5, ಕೆಳಗೆ 1.5 ಮಿ.ಲೀ. ಮೀಡಿಯಂ (ಕೋಶಗಳ ಪೋಷಕ ದ್ರವ). ಕರುಳಿನ ಗೋಡೆಯ ಮಾದರಿಯಾಗಿ ಬಳಸುವ ಕ್ಯಾಕೊ-2 ಕೋಶಗಳು ಮಾಗಲು ಸುಮಾರು 21 ದಿನ ಬೇಕು, ಅವಸರ ಮಾಡಿದರೆ ಕೆಟ್ಟಿತು.

ಪದರ ಎಷ್ಟು ಬಿಗಿ ಎಂದು ತಿಳಿಯಲು ಅದರ ವಿದ್ಯುತ್ ರೋಧ ಅಳೆಯಬೇಕು, ರೋಧ ಹೆಚ್ಚಿದಷ್ಟೂ ಬಿಗಿ. ಮೀಟರ್ 420 ಓಮ್ ತೋರಿಸಿ, ಕೋಶವಿಲ್ಲದ ಖಾಲಿ ಇನ್ಸರ್ಟ್ 120 ಇದ್ದರೆ, ಉಳಿದ 300ನ್ನು ಪೊರೆಯ ವಿಸ್ತೀರ್ಣವಾದ 1.12 ಚದರ ಸೆಂ.ಮೀ.ಯಿಂದ ಗುಣಿಸಿ: 336 ಓಮ್-ಚದರ ಸೆಂ.ಮೀ. ತಟ್ಟೆ ಇನ್‌ಕ್ಯುಬೇಟರ್‌ನಿಂದ ಹೊರಬಂದು ತಣ್ಣಗಾದಂತೆ ಈ ಅಂಕಿ ತಾನಾಗಿಯೇ ಏರುತ್ತದೆ. ಅದನ್ನು ಬ್ಯಾಕ್ಟೀರಿಯಾದ ಪವಾಡ ಅಂದುಕೊಳ್ಳುವವರೇನು ಕಡಿಮೆಯಿಲ್ಲ. ಎಲೆಕ್ಟ್ರೋಡ್‌ನ ಗಿಡ್ಡ ಕಾಲು ಪೊರೆಗೆ ತಾಗಿದರೆ ಕೋಶಪದರಕ್ಕೆ ಗೀರು ಬೀಳುತ್ತದೆ.

ಲ್ಯಾಕ್ಟೋಬ್ಯಾಸಿಲಸ್ ಹಾಕುವ ಹಿಂದಿನ ದಿನವೇ ಆಂಟಿಬಯಾಟಿಕ್ ಇಲ್ಲದ ಮೀಡಿಯಂಗೆ ಬದಲಾಯಿಸಿ. ಮೀಡಿಯಂ ಕೆಂಪಿನಿಂದ ಹಳದಿಗೆ ತಿರುಗಿದರೆ ಆಮ್ಲ ಕೋಶಗಳನ್ನು ಸುಡುತ್ತಿದೆ ಎಂದರ್ಥ: ಬ್ಯಾಕ್ಟೀರಿಯಾ ಪ್ರಮಾಣ ಇಳಿಸಿ, ಹೋಲಿಕೆಗೆ ಬ್ಯಾಕ್ಟೀರಿಯಾ ಇಲ್ಲದೆ ಅಷ್ಟೇ ಹುಳಿ ಮಾಡಿದ ಕಂಟ್ರೋಲ್ ಒಂದನ್ನು ಇಡಿ. 4 ಕಿಲೋಡಾಲ್ಟನ್ ಎಫ್‌ಐಟಿಸಿ-ಡೆಕ್ಸ್‌ಟ್ರಾನ್ (ಹೊಳೆಯುವ ಬಣ್ಣ ಅಂಟಿಸಿದ ಸಕ್ಕರೆ ಸರಪಳಿ) ಪದರ ದಾಟಿ ಎಷ್ಟು ಸೋರುತ್ತದೆ ಎಂದೂ ಅಳೆಯಿರಿ. ಇನ್ಸರ್ಟ್ ಒಮ್ಮೆ ಬಳಸಿ ಎಸೆಯುವಂಥದ್ದು, ಅಗ್ಗವಲ್ಲ. ಸಕ್ಕರೆ ಕಾಯಿಲೆ, ಬೊಜ್ಜಿನ ಬಗ್ಗೆ ಇದು ಏನನ್ನೂ ಹೇಳದು. ರಕ್ತದ ಸಕ್ಕರೆ, ಹಸಿವನ್ನು ಹತೋಟಿಯಲ್ಲಿಡುವ ಕರುಳಿನ ಹಾರ್ಮೋನ್ ಜಿಎಲ್‌ಪಿ-1 ನೋಡಬೇಕಾದರೆ ಅದನ್ನು ಸ್ರವಿಸುವ ಎಸ್‌ಟಿಸಿ-1ರಂಥ ಬೇರೆ ಕೋಶಗಳೇ ಬೇಕು.